ಮೂಳೆ ಬಿಟ್ಟು ಬಾರದ ಕೋಶಗಳು

ನಂಬಿಕೆಯಾಗದೆ ಯಂತ್ರವನ್ನು ಎರಡನೇ ಸಲ ಓಡಿಸಿದೆ. ಮತ್ತೆ ಅದೇ—ನಾಲ್ಕು. ಇಪ್ಪತ್ತಾದರೂ ಬೇಕಿತ್ತು.

ಬನ್ನಿಮಂಟಪದ ನಮ್ಮ ಆಸ್ಪತ್ರೆಯಲ್ಲಿದ್ದ ಅಮರ್‌ಗೆ ರಕ್ತದ ಕ್ಯಾನ್ಸರ್. ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಅವನ ಅಕ್ಕ ಪ್ರೀತಿ ಕೊಡಬೇಕಿತ್ತು. ಅವು ಮೂಳೆಯ ಮಜ್ಜೆಯಿಂದ ರಕ್ತಕ್ಕೆ ಇಳಿಯಲೆಂದು ನಾಲ್ಕು ದಿನ ಅವಳಿಗೆ ಇಂಜೆಕ್ಷನ್ ಕೊಟ್ಟಾಗಿತ್ತು. ಐದನೇ ಬೆಳಿಗ್ಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು ಬರೀ ನಾಲ್ಕಿದ್ದವು.

ಸಂಶಯ ಬಿದ್ದದ್ದು ನರ್ಸ್ ಸರ್ವಮಂಗಳಾ ಮೇಲೆ. ಔಷಧಿಯನ್ನು ಫ್ರಿಜ್ಜಿನಿಂದ ಹೊರಗಿಟ್ಟು ಕೆಡಿಸಿದ್ದಾರೆಂದು ಮ್ಯಾನೇಜರ್ ವಿಜಯ್‌ಕುಮಾರ್ ನೋಟಿಸ್ ಬರೆಸುತ್ತಿದ್ದರು.

“ಹದಿನೆಂಟು ವರ್ಷದ ಸರ್ವೀಸು ಕಣಪ್ಪ ವಿಶ್ರುತ್,” ಎಂದರು ಆಕೆ ನನಗೆ. “ಒಂದು ದಿನಾನೂ ಹೊರಗಿಟ್ಟಿಲ್ಲ.”

ನಾನು ಬರೀ ಲ್ಯಾಬ್ ಟೆಕ್ನಿಷಿಯನ್. ರಕ್ತರೋಗ ತಜ್ಞೆ ಡಾ. ಭವ್ಯಶ್ರೀಯವರ ಬಳಿ ವರದಿ ಒಯ್ದೆ.

“ಬಿಳಿರಕ್ತಕಣ ಎಷ್ಟಿದೆ?”

“ಮೂವತ್ತೆಂಟು ಸಾವಿರ, ಮೇಡಂ.”

“ಇಂಜೆಕ್ಷನ್‌ಗೆ ಮೊದಲು?”

“ಏಳು ಸಾವಿರ.”

“ಬಿಳಿಕಣ ಏರಿಸೋದೂ ಇದೇ ಔಷಧಿ. ಅದು ಕೆಟ್ಟಿದ್ದರೆ ಹೀಗೆ ಏರ್ತಿತ್ತಾ? ನೋಟಿಸ್ ನಿಲ್ಲಿಸಿ ಅನ್ನಿ.”

ಹಾಗಾದರೆ ತಪ್ಪು ಎಲ್ಲಿ? ಇಬ್ಬರೂ ಪ್ರೀತಿಯ ಕೋಣೆಗೆ ಹೋದೆವು. ತಾಯಿ ಬಸವಮ್ಮ ಪಕ್ಕದಲ್ಲೇ ಕೂತಿದ್ದರು. ಡಾಕ್ಟರನ್ನು ಕಂಡೊಡನೆ ಪ್ರೀತಿ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

“ಸೂಜಿ ಅಂದ್ರೆ ಭಯಾನಾ?”

“ತುಂಬಾ, ಮೇಡಂ.”

ಡಾಕ್ಟರು ಮಂಚಕ್ಕೆ ತೂಗಿದ್ದ ಚಾರ್ಟ್ ತಿರುವಿದರು. “ಐದು ದಿನದಿಂದ ನಿಮ್ಮ ನಾಡಿ ಐವತ್ತಾರು, ಐವತ್ತೆಂಟು. ಇಷ್ಟು ಹೆದರಿದವರ ಎದೆ ಇಷ್ಟು ನಿಧಾನಕ್ಕೆ ಬಡಿಯಲ್ಲ. ಯಾವ ಮಾತ್ರೆ ತಗೋತಿದ್ದೀರಿ?”

“ಯಾವುದೂ ಇಲ್ಲ.”

ಬಸವಮ್ಮ ಮಗಳ ಭುಜ ಮುಟ್ಟಿದರು. “ಹೇಳ್ಬುಡು ಕಣವ್ವ.”

ಪ್ರೀತಿಯ ಕಣ್ಣು ತುಂಬಿತು. “ಮೈಗ್ರೇನ್‌ಗೆ ಒಂದು ಮಾತ್ರೆ. ಎರಡು ವರ್ಷದಿಂದ. ಬರೆದ್ರೆ ನೀನು ಆಗಲ್ಲ ಅಂದ್ಬುಡ್ತಾರೆ ಅಂತ ಫಾರಮ್ಮಲ್ಲಿ ಬರೀಲಿಲ್ಲ. ತಮ್ಮಂಗೆ ಹೊಂದೋದು ನಾನೊಬ್ಬಳೇ.”

ಡಾಕ್ಟರು ಬೈಯಲಿಲ್ಲ. ಹೊರಗೆ ಬಂದ ಮೇಲೆ ನನಗೆ ಬಿಡಿಸಿ ಹೇಳಿದರು.

“ಮೂಳೆಯೊಳಗೂ ನರಗಳಿವೆ, ವಿಶ್ರುತ್. ಅವು ಸಂದೇಶ ಕಳಿಸಿದರೆ ಮಜ್ಜೆ ತನ್ನ ಹಿಡಿತ ಸಡಿಲಿಸಿ ಕಾಂಡಕೋಶಗಳನ್ನ ರಕ್ತಕ್ಕೆ ಬಿಡುತ್ತೆ. ಇಂಜೆಕ್ಷನ್‌ಗೂ ಆ ನರಗಳ ನೆರವು ಬೇಕು. ಈ ಮಾತ್ರೆ ಆ ಸಂದೇಶ ತಲುಪದ ಹಾಗೆ ತಡೆಯುತ್ತೆ—ಎದೆಗೂ, ಮೂಳೆಗೂ. ಇಲಿಗಳಲ್ಲಿ ಇದನ್ನ ಕಂಡಿದ್ದಾರೆ. ಮನುಷ್ಯರಲ್ಲಿ ಅಷ್ಟು ಖಚಿತ ಅಲ್ಲ. ಆದ್ರೂ ನಾನು ಹಿಡಿಯೋ ಅಪರಾಧಿ ಈ ಮಾತ್ರೆಯೇ. ನಾಡಿಯನ್ನ ಸರ್ವಮಂಗಳಾ ದಿನಾ ಬರೆದಿಟ್ಟಿದ್ದಾರೆ. ಓದದೆ ಹೋದವರು ನಾವು.”

ವಿಜಯ್‌ಕುಮಾರ್ ತಾವೇ ವಾರ್ಡಿಗೆ ಬಂದು ಸರ್ವಮಂಗಳಾ ಅವರ ಕ್ಷಮೆ ಕೇಳಿದರು.

ಅಮರ್‌ನ ಕಾಯಿಲೆ ಹತೋಟಿಯಲ್ಲಿತ್ತು, ಕಾಯಬಹುದಿತ್ತು. ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಲು ಐದು ವಾರ ಹಿಡಿಯಿತು. ಮತ್ತೆ ಇಂಜೆಕ್ಷನ್, ಮತ್ತೆ ಪರೀಕ್ಷೆ—ನಲವತ್ತೊಂದು. ಅಂದೇ ಕೋಶಗಳನ್ನು ಸಂಗ್ರಹಿಸಿದೆವು.

ಕಸಿಯಾದ ಹದಿನೇಳನೇ ದಿನ ಅಮರ್‌ನ ರಕ್ತದಲ್ಲಿ ಹೊಸ ಬಿಳಿಕಣಗಳು ಕಂಡವು. ಗಾಜಿನಾಚೆ ನಿಂತ ಅಕ್ಕನಿಗೆ ಅವನು ಫೋನ್ ಮಾಡಿದ.

“ಇನ್ಮೇಲೆ ನಂಗೂ ನಿನ್ನಂಗೇ ಮುಂಗೋಪ ಬರುತ್ತೇನೋ ಕಣಕ್ಕ.”

“ಬರ್ಲಿ ಬುಡು,” ಎಂದಳು ಪ್ರೀತಿ. “ಮೊದ್ಲು ಊಟ ಮಾಡು.”