ಮಣ್ಣೆತ್ತಿನ ಕಣ್ಣು

“ನಾಕು ಗುಂಡು ಕಡಿಮಿ ಅದಾವು! ಯಾರ್ ತಗೊಂಡ್ರಿ? ಖರೇ ಹೇಳ್ರಿ!”

ಗುದ್ಲೆಪ್ಪ ಕಾಕಾ ಅಂಗಳದಲ್ಲಿ ಬೋರಲು ಬಿದ್ದು ಹೊರಸಿನ ಕೆಳಗೆ ಕೈಯಾಡಿಸುತ್ತಿದ್ದ. ಒಂದು ಕೋಳಿಪುಕ್ಕ ಸಿಕ್ಕಿತು. ಮುರಿದ ಬಳೆ ಸಿಕ್ಕಿತು. ಯಾವಾಗಲೋ ಕಳೆದುಹೋಗಿದ್ದ ಅಣ್ಣನ ಅಡಕೊತ್ತೂ ಸಿಕ್ಕಿತು. ಬೇರಿಂಗಿನ ಗುಂಡು ಮಾತ್ರ ಸಿಗಲಿಲ್ಲ.

“ಇಲಿ ಒಯ್ದಿರಬೇಕು ಬಿಡೋ,” ಎಂದ ಮಜೀದ. ಅವನು ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು, ಕಾಕಾನ ಜೀವದ ಗೆಳೆಯ.

“ಇಲಿಗೇನ ಮೋಟಾರ್ ಸೈಕಲ್ ಕಟ್ಟೂದೈತೇನೋ?” ಎಂದು ಕಾಕಾ ಅವನ ಮೇಲೆಯೇ ಹರಿಹಾಯ್ದ.

ಬಾಗಿಲಲ್ಲಿ ನಿಂತಿದ್ದ ಕಾಕಾನ ಅಣ್ಣನ ಮಗಳು ಹೊಳೆವ್ವ ತನ್ನ ಪರಕಾರದ ಜೇಬು ಮುಟ್ಟಿ ನೋಡಿಕೊಂಡಳು. ಜೇಬಿನಲ್ಲಿ ಏನೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಗಿತ್ತು ಅವಳ ಪಾಡು. ಗುಂಡುಗಳು ಎಲ್ಲಿವೆ ಎಂಬುದು ಇಡೀ ಬಂಕಾಪುರದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವು ದೇವರ ಜಗಲಿಯ ಮೇಲೆ, ಕುಂಕುಮ ಹಚ್ಚಿಸಿಕೊಂಡು, ಎಡೆಗೆ ಇಟ್ಟ ಕಡುಬನ್ನು ನೋಡುತ್ತ ಕೂತಿದ್ದವು.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ಶಾಲೆಗೆ ರಜೆ. ಬಿತ್ತನೆಯ ದಿನಗಳಲ್ಲಿ ಬರುವ ಈ ಹಬ್ಬಕ್ಕೆ ಮನೆಮನೆಯಲ್ಲೂ ಎರೆಮಣ್ಣಿನಿಂದ ಜೋಡೆತ್ತು ಮಾಡಿ, ಪೂಜೆ ಮಾಡಿ, ಸಂಜೆ ಕೆರೆಗೆ ಬಿಡುತ್ತಾರೆ. ಐದನೇ ಇಯತ್ತೆಯ ಹೊಳೆವ್ವ ತಮ್ಮ ಮನೆಯ ಎತ್ತುಗಳನ್ನು ತಾನೇ ಮಾಡುತ್ತಿದ್ದಳು. ಕೋಡು, ಬೆನ್ನ ಮೇಲಿನ ಹಿಣಿಲು, ಬಾಲ ಎಲ್ಲವನ್ನೂ ಚೆಂದ ಮಾಡುತ್ತಿದ್ದಳು. ಹೋದ ವರ್ಷ ಕಣ್ಣಿನ ಜಾಗದಲ್ಲಿ ಜೋಳದ ಕಾಳು ಒತ್ತಿದ್ದೇ ತಪ್ಪಾಯಿತು. ಕೆರೆಗೆ ಒಯ್ಯುವ ಮೊದಲೇ ಕೋಳಿಯೊಂದು ಬಂದು ನಾಲ್ಕೂ ಕಣ್ಣುಗಳನ್ನು ಕುಕ್ಕಿ ನುಂಗಿ ಹೋಯಿತು. “ಹೊಳೆವ್ವನ ಕುರುಡೆತ್ತು!” ಎಂದು ಓಣಿಯ ಹುಡುಗಿಯರು ದೀಪಾವಳಿಯವರೆಗೂ ಕಾಡಿದರು.

ಈ ಸಲ ಯಾವ ಕೋಳಿಯೂ ನುಂಗಲಾರದ ಕಣ್ಣು ಇಡಬೇಕೆಂದು ಅವಳು ಹಟ ತೊಟ್ಟಿದ್ದಳು. ನಿನ್ನೆ ಕಾಕಾ ಹೊರಗೆ ಹೋದಾಗ ಅವನ ಬಟ್ಟಲು ಕಣ್ಣಿಗೆ ಬಿತ್ತು. ಸೀಮೆಎಣ್ಣೆಯಲ್ಲಿ ತೊಳೆದಿಟ್ಟ ಉಕ್ಕಿನ ಗುಂಡುಗಳು ಅದರಲ್ಲಿ ಮಿರಿಮಿರಿ ಮಿಂಚುತ್ತಿದ್ದವು. ಅಷ್ಟೊಂದರಲ್ಲಿ ನಾಲ್ಕು ತೆಗೆದರೆ ಏನಾದೀತು? ಹಸಿ ಮಣ್ಣಿಗೆ ಒತ್ತಿದಳು. ಎತ್ತುಗಳು ಅವಳನ್ನೇ ದುರುಗುಟ್ಟಿ ನೋಡಿದವು.

“ಏನ್ ಹಚ್ಚೀಯವ್ವಾ ಕಣ್ಣಿಗೆ? ಇಷ್ಟ ಮಿಂಚಾಕತ್ತಾವು!” ಎಂದು ಬೆಳಿಗ್ಗೆ ಪೂಜೆಯ ಹೊತ್ತಿಗೆ ಅಜ್ಜಿ ಕೇಳಿದ್ದಳು.

“ಮಣಿ, ಅಜ್ಜಿ,” ಎಂದಿದ್ದಳು ಹೊಳೆವ್ವ. ಕಾಕಾ ಆ ಎತ್ತುಗಳನ್ನು ನೋಡಿಯೇ ಇರಲಿಲ್ಲ. ಮೈತುಂಬ ಎಣ್ಣೆ ಬಳಿದುಕೊಂಡ ಅವನನ್ನು ಅಜ್ಜಿ ದೇವರ ಕೋಣೆಯ ಹೊಸ್ತಿಲನ್ನೂ ಮುಟ್ಟಗೊಡುತ್ತಿರಲಿಲ್ಲ.

ಈ ಕಾಕಾ ಪುಣೆಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದವನು. ಹೋದ ವರ್ಷ ಅಲ್ಲಿ ಅಣೆಕಟ್ಟು ಒಡೆದು ಹೊಳೆ ಊರೊಳಗೆ ನುಗ್ಗಿತು. ಗ್ಯಾರೇಜು ಹೋಯಿತು, ಕಾಕಾ ಉಟ್ಟ ಬಟ್ಟೆಯಲ್ಲಿ ಮನೆಗೆ ಬಂದ. ಬಂದವನು ಹೊಲದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಸವಣೂರಿನಲ್ಲಿ ಯಾರದೋ ಹಿತ್ತಿಲಲ್ಲಿ ಮಹಾಯುದ್ಧದ ಕಾಲದ ಮಿಲಿಟರಿ ಮೋಟಾರ್ ಸೈಕಲ್ಲೊಂದು ಬಿದ್ದಿತ್ತು. ಅದರ ಮೇಲೆ ಹೀರೇಬಳ್ಳಿ ಹಬ್ಬಿ ಕಾಯಿ ಬಿಟ್ಟಿತ್ತು. ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ತಂದ. ಓಡಬೇಕಾದ ಗಾಡಿಯನ್ನು ಎತ್ತುಗಳು ಎಳೆದು ತಂದವು ಎಂದು ಊರೆಲ್ಲ ನಕ್ಕಿತು.

ಕಾಕಾ ಒಂದೊಂದೇ ಭಾಗ ಬಿಚ್ಚುತ್ತ ಹೋದ. ದೊಡ್ಡ ಮಡ್ಗಾರ್ಡುಗಳನ್ನು ಕತ್ತರಿಸಿದ. ಕ್ಯಾರಿಯರ್, ಪಕ್ಕದ ಪೆಟ್ಟಿಗೆ ಕಿತ್ತು ಒಗೆದ. ಅಗಲ ಸೀಟು ತೆಗೆದು ಒಬ್ಬರೇ ಕೂರುವಂಥ ಸಣ್ಣ ಸೀಟು ಹಾಕಿದ. ಎತ್ತರದ ಹ್ಯಾಂಡಲನ್ನು ಕಮ್ಮಾರ ಗಿರಿಯಪ್ಪನ ಕುಲುಮೆಯಲ್ಲಿ ಕಾಯಿಸಿ ಕೆಳಮುಖ ಬಗ್ಗಿಸಿದ. ಈಗ ಗಾಡಿ ಹಾಯಲು ತಲೆ ತಗ್ಗಿಸಿದ ಗೂಳಿಯ ಹಾಗೆ ಕಾಣುತ್ತಿತ್ತು.

“ಪುಣೆಯಾಗ ದೊಡ್ಡ ದೊಡ್ಡವರ ಹುಡುಗ್ರು ಹಿಂಗ ಮಾಡಿ ರೇಸ್ ಬಿಡ್ತಾರ. ತೂಕಾ ಕಡಿಮಿ ಆದಂಗ ಓಟಾ ಜಾಸ್ತಿ,” ಎನ್ನುತ್ತಿದ್ದ ಕಾಕಾ.

“ಓಟಾ ಇರ್ಲಿ, ಮೊದ್ಲ ನಡೀತೈತೇನ ನೋಡು,” ಎನ್ನುತ್ತಿದ್ದ ಹೊಳೆವ್ವನ ಅಪ್ಪ ಶಿದ್ಲಿಂಗಪ್ಪ. ಕಡೆಗೆ ಅವನಿಗೂ ಸಾಕಾಯಿತು. “ಅಮಾವಾಸಿ ಸಂಜೀತನಕ ನೋಡ್ತೇನಿ ತಮ್ಮಾ. ಬಿತ್ತೂದೈತಿ, ಕೂರಿಗಿ, ಚಕ್ಕಡಿ ಇಡಾಕ ಅಂಗಳಾ ಬೇಕು. ಅಷ್ಟ್ರಾಗ ಇದು ಓಡದಿದ್ರ ಗುಜರಿಯಂವಗ ಹಾಕಿಬಿಡ್ತೇನಿ.”

“ಆತು,” ಎಂದಿದ್ದ ಕಾಕಾ. “ಓಡಿದ್ರ ಹುಬ್ಬಳ್ಳಿ ರೋಡಿಗೆ ನಂದ ಗ್ಯಾರೇಜ್ ಹಾಕ್ತೇನಿ. ಈ ಗಾಡಿ ನೋಡೇ ಲಾರಿಯವರು ನಿಂದ್ರತಾರ. ಓಡದಿದ್ರ ನಾ ಪುಣೆಗೆ ಹೊಂಟೆ. ಮಾಲಕ ಮತ್ತ ಗ್ಯಾರೇಜ್ ಕಟ್ಟ್ಯಾನ, ಕರ್ಯಾಕತ್ತಾನ.”

ಆ ಮಾತು ಕೇಳಿದಾಗಿನಿಂದ ಹೊಳೆವ್ವನಿಗೆ ಊಟ ರುಚಿಸಿರಲಿಲ್ಲ. ಕಾಕಾ ಇಲ್ಲದ ಮನೆ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಊಟಕ್ಕೆ ಕೂತರೆ ಅಪ್ಪ ಮಳೆಯ ಸುದ್ದಿ ಹೇಳುತ್ತಿದ್ದ, ಅವ್ವ ಎಮ್ಮೆಯ ಸುದ್ದಿ ಹೇಳುತ್ತಿದ್ದಳು, ಅಷ್ಟೇ. ಕಾಕಾ ಬಂದ ಮೇಲೆ ತುತ್ತು ನೆತ್ತಿಗೇರುವಷ್ಟು ನಗು. ಇಂಥ ಕಾಕಾನ ಗಾಡಿಗೆ ತಾನೇ ಕಲ್ಲು ಹಾಕಿದೆನಲ್ಲ!

ಮಜೀದ ಅಂಗಡಿಗೆ ಓಡಿ ಸೈಕಲ್ಲಿನ ಗುಂಡು ತಂದ. ಅವು ಸಣ್ಣವು, ಗಾಡಿಗೆ ಕೂರಲಿಲ್ಲ.

“ಇರ್ಲಿ,” ಎಂದ ಕಾಕಾ, ಬೆವರು ಒರೆಸುತ್ತ. “ಗ್ರೀಸ್ ಜಾಸ್ತಿ ತುಂಬಿ ಇದ್ದಷ್ಟ ಗುಂಡು ಹಾಕ್ತೇನಿ. ಇವತ್ತೊಂದಿನ ನಡದ್ರ ಸಾಕು.”

“ತಲಿಗಿಲಿ ಕೆಟ್ಟೈತೇನ ನಿಂದು? ಹ್ಯಾಂಡಲ್ ತಿರಗೂದ ಆ ಗುಂಡಿನ ಮ್ಯಾಲ. ಕ್ವಾಟಿ ತಿರುವಿನ್ಯಾಗ ಹ್ಯಾಂಡಲ್ ಸಿಕ್ಕೊಂಡ್ರ ಸೀದಾ ಕಂದಕದಾಗ ಹೋಗಿ ಬೀಳ್ತಿ.”

“ಬಿದ್ರ ಬೀಳ್ತೇನಿ. ಸಂಜಿ ಆತಂದ್ರ ಗಾಡೀನೂ ಇಲ್ಲ, ಗ್ಯಾರೇಜೂ ಇಲ್ಲ.”

ಕೋಟೆಯ ಕಂದಕ ಹೊಳೆವ್ವನಿಗೆ ಗೊತ್ತು. ಒಮ್ಮೆ ಅದರೊಳಗೆ ಬಿದ್ದ ಎಮ್ಮೆಯನ್ನು ಹಗ್ಗ ಕಟ್ಟಿ ಹತ್ತಾರು ಜನ ಎಳೆದಿದ್ದರು. ಅವಳು ಒಂದೇ ಉಸಿರಿಗೆ ದೇವರ ಕೋಣೆಗೆ ಓಡಿದಳು. ತಲೆಯ ಪಿನ್ನು ಕಿತ್ತು ಎತ್ತಿನ ಕಣ್ಣಿನ ಹತ್ತಿರ ಒಯ್ದಳು.

ಕೈ ಮುಂದೆ ಹೋಗಲಿಲ್ಲ. ನಿನ್ನೆ ಅದು ಬರೀ ಮಣ್ಣು. ಬೆಳಿಗ್ಗೆ ಅಜ್ಜಿ ವಿಭೂತಿ ಹಚ್ಚಿ, ಹೂವೇರಿಸಿ, ಆರತಿ ಬೆಳಗಿದ ಮೇಲೆ ಅದು ಬಸವಣ್ಣ. ಬಸವಣ್ಣನ ಕಣ್ಣು ಕೀಳುವುದೇ? ಕೀಳದಿದ್ದರೆ ಕಾಕಾ ಕಂದಕಕ್ಕೆ ಬೀಳುತ್ತಾನೆ. ಅತ್ತ ದರಿ, ಇತ್ತ ಪುಲಿ.

“ಏನ್ ಮಾಡಾಕತ್ತೀ ಅಲ್ಲಿ?”

ಹಿಂದೆ ಮಾದೇವಜ್ಜಿ ನಿಂತಿದ್ದಳು. ಮನೆಯಲ್ಲಿ ಅಪ್ಪ ಕೂಡ ಎದುರು ಮಾತಾಡದ ಅಜ್ಜಿ. ಕಾಕಾನ ಮೋಟಾರ್ ಸೈಕಲ್ಲಿಗೆ ‘ಸುಡುಗಾಡ ಗಾಡಿ’ ಎಂದು ಹೆಸರಿಟ್ಟು, ದಿನ ಬೆಳಗಾದರೆ ಅದಕ್ಕೆ ಶಾಪ ಹಾಕುವ ಅಜ್ಜಿ.

ಹೊಳೆವ್ವನಿಗೆ ಅಳು ಒತ್ತರಿಸಿ ಬಂತು. “ಅಜ್ಜೀ, ಅವು ಮಣಿ ಅಲ್ಲಾ... ಕಾಕಾನ ಗಾಡಿ ಗುಂಡು. ನಾನ ತಗೊಂಡೇನಿ. ಕೋಳಿ ತಿನಬಾರದಂತ ಇಟ್ಟೆ. ಕಾಕಾ ಹುಡುಕಾಕತ್ತಾನ, ನಾ ಹೇಳಿಲ್ಲ...”

ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡಳು. ಇನ್ನು ಬೈಗುಳದ ಮಳೆ ಎಂದುಕೊಂಡಳು. ಅಜ್ಜಿ ಬೈಯಲಿಲ್ಲ.

“ಇವು ಇಲ್ಲದಿದ್ರ ಏನಾಕೈತಿ?”

“ಹ್ಯಾಂಡಲ್ ಸಿಕ್ಕೊಂಡು ಕಾಕಾ ಬೀಳ್ತಾನಂತ.”

“ಗಾಡಿ ಓಡಸದ ಬಿಟ್ರ?”

“ಪುಣೆಗೆ ಹೋಗ್ತಾನಂತ.”

ಅಜ್ಜಿ ಮೊಣಕಾಲು ಹಿಡಿದುಕೊಂಡು ಜಗಲಿಯ ಮುಂದೆ ಕೂತು ಎತ್ತುಗಳಿಗೆ ಕೈಮುಗಿದಳು.

“ಬಸವಣ್ಣಾ, ಕೂಸು ತಿಳೀಲಾರ್ದ ಮಾಡೇತಿ. ಈ ಕಣ್ಣು ನಮ್ಮ ಹುಡುಗಗ ಬೇಕಾಗ್ಯಾವು. ನಿನಗ ಬ್ಯಾರೆ ಕೊಡ್ತೇನಿ, ಚಲೋವ ಕೊಡ್ತೇನಿ.”

ಮಣ್ಣು ಇನ್ನೂ ಹಸಿಯಿತ್ತು, ಗುಂಡುಗಳು ಪಿನ್ನಿಗೆ ಸುಲಭವಾಗಿ ಬಂದವು. ಅಜ್ಜಿ ಗೋಡೆಯ ಮಾಡಿನಲ್ಲಿದ್ದ ಡಬ್ಬಿಯಿಂದ ನಾಲ್ಕು ಗುಲಗಂಜಿ ತೆಗೆದು ಆ ಕುಳಿಗಳಲ್ಲಿ ಒತ್ತಿದಳು. ಎತ್ತುಗಳು ಕೆಂಪು ಕಣ್ಣು ಬಿಟ್ಟವು.

“ದೇವರಿಗೆ ಸಿಟ್ಟ ಬಂದ್ರ, ಅಜ್ಜಿ?”

“ಬಂದ್ರ ನನ್ನ ಮ್ಯಾಲ ಬರ್ಲಿ. ನಾನೂ ಅಂವಾ ಮಾತಾಡಿ ಬಗೀಹರಿಸ್ಕೋತೇವಿ,” ಎಂದಳು ಅಜ್ಜಿ. ಗುಂಡುಗಳನ್ನು ಸೆರಗಿನಲ್ಲಿ ಒರೆಸಿ ಹೊಳೆವ್ವನ ಅಂಗೈಗೆ ಹಾಕಿದಳು. “ಹೋಗು. ಕೊಡೂದು ಮಾತ್ರ ನೀನ ಕೊಡಬೇಕು.”

ದೇವರ ಕೋಣೆಯಿಂದ ಅಂಗಳ ಎಷ್ಟು ದೂರ? ಅಂದು ಮಾತ್ರ ಹಾನಗಲ್ಲಿಗೆ ನಡೆದುಹೋದಷ್ಟು ದೂರವಾಯಿತು. ಹೊಳೆವ್ವ ಕಾಕಾನ ಮುಂದೆ ನಿಂತು ಅಂಗೈ ಬಿಚ್ಚಿದಳು.

ಕಾಕಾ ಗುಂಡುಗಳನ್ನು ನೋಡಿದ. ಅವಕ್ಕೆ ಅಂಟಿದ ಕುಂಕುಮ ನೋಡಿದ. “ಎಲ್ಲಿದ್ದುವು?”

“ಎತ್ತಿನ ಕಣ್ಣಾಗ.”

“ಯಾ ಎತ್ತು?”

“ಮಣ್ಣೆತ್ತು. ನಾನ ಇಟ್ಟಿದ್ದೆ ಕಾಕಾ. ಕೇಳಲಾರ್ದ ತಗೊಂಡೆ.”

ಕಾಕಾನ ಕಿವಿ ಕೆಂಪಾದವು. ಬೆಳಗಿನಿಂದ ಅಂಗಳದ ಕಸವನ್ನೆಲ್ಲ ಜರಡಿ ಹಿಡಿದವನಿಗೆ ಸಿಟ್ಟು ಬಾರದೆ ಇರುತ್ತದೆಯೇ? ಅವನು ಮುಖ ತಿರುಗಿಸಿಕೊಂಡು ನಟ್ಟು ಬಿಗಿಯುವ ಪಾನಾ ಕೈಗೆತ್ತಿಕೊಂಡ, ಮತ್ತೆ ಇಟ್ಟ. ಹೊಳೆವ್ವ ಅಲ್ಲಿಂದ ಕದಲಲಿಲ್ಲ.

ಅಷ್ಟರಲ್ಲಿ ಮಜೀದ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಬಸವಣ್ಣನ ಕಣ್ಣು ಹಾಕಿದ ಗಾಡಿ ಅಂದ್ರ ಇದೊಂದ ನೋಡಪಾ ಜಗತ್ತಿನ್ಯಾಗ! ಹಾದಿ ತಪ್ಪೂದಿಲ್ಲ ಬಿಡು!”

ಕಾಕಾ ತಡೆದುಕೊಳ್ಳಲು ನೋಡಿದ. ಮೀಸೆ ಅಲುಗಿತು. ಕಡೆಗೆ ಅವನೂ ನಕ್ಕ. “ಬಾ ಇಲ್ಲಿ, ಕಳ್ಳಿ. ಸೀಮಿಎಣ್ಣಿಯಾಗ ಅವನ್ನ ತೊಳಿ. ಆಮ್ಯಾಲ ಗ್ರೀಸಿನ್ಯಾಗ ನೀನ ಒಂದೊಂದ ಕುಂಡ್ರಸು. ನಿನ್ನ ಕೈಬಳ್ಳು ಸಣ್ಣವು, ಚಲೋ ಆಕೈತಿ.”

ಹೊಳೆವ್ವ ಉಸಿರು ಬಿಗಿಹಿಡಿದು ಗುಂಡುಗಳನ್ನು ಕೂರಿಸಿದಳು. ಕೊನೆಯದು ಕೂತಾಗ ಸಾಲು ತುಂಬಿತು. ಕಾಕಾ ಹ್ಯಾಂಡಲ್ ಬಿಗಿದು ಆಚೆ ಈಚೆ ತಿರುಗಿಸಿದ. ಅದು ಬೆಣ್ಣೆಯಲ್ಲಿ ಕತ್ತಿ ಆಡಿದಂತೆ ತಿರುಗಿತು. ಅವಳ ಎದೆಯ ಮೇಲಿನ ಅರ್ಧ ಭಾರ ಅಲ್ಲೇ ಇಳಿಯಿತು.

ಸಂಜೆ ಅಪ್ಪ ಹೊಲದಿಂದ ಚಕ್ಕಡಿ ಹೊಡೆದುಕೊಂಡು ಬಂದ. ಅಂಗಳದ ಮೂಲೆಯಲ್ಲಿ ಅದನ್ನು ನಿಲ್ಲಿಸಿ, ತಮ್ಮನ ಕಡೆ ನೋಡಿದ. ಓಣಿಯ ಜನವೆಲ್ಲ ನೆರೆದಿತ್ತು. ಕಾಕಾ ಕಿಕ್ ಹೊಡೆದ. ಗಾಡಿ ಕೆಮ್ಮಿತು. ಮತ್ತೆ ಹೊಡೆದ. ಕೆಮ್ಮೂ ಇಲ್ಲ. ಯಾರೋ ಕಿಸಕ್ಕೆಂದರು. ಕಾಕಾ ಕಾರ್ಬೊರೇಟರಿಗೆ ಏನೋ ತಿರುವಿ, ಎದ್ದು ನಿಂತು ಮೈಭಾರವನ್ನೆಲ್ಲ ಹಾಕಿ ತುಳಿದ.

ಢಂ! ಕೋಳಿಗಳು ಮಾಳಿಗೆ ಏರಿದವು. ಎತ್ತುಗಳು ಹಗ್ಗ ಜಗ್ಗಿದವು. ಗಾಡಿ ಗುಡುಗತೊಡಗಿತು.

ಕಾಕಾ ಬಗ್ಗಿ, ಎದೆಯನ್ನು ಟ್ಯಾಂಕಿಗೆ ಹಚ್ಚಿ, ಓಣಿ ದಾಟಿ ಹೊರಟೇಬಿಟ್ಟ. ಮಕ್ಕಳು ಹಿಂದೆ ಓಡಿದರು. “ಹೊಳೆವ್ವಾ, ಕೆರಿಗೆ ಬಾರೇ ಎತ್ತ ತಗೊಂಡು!” ಎಂದು ಗೆಳತಿಯರು ಕೂಗಿದರು.

“ನೀವು ಮುಂದ ನಡೀರಿ, ನಾ ಬರ್ತೇನಿ,” ಎಂದಳು ಹೊಳೆವ್ವ, ಬಾಗಿಲು ಬಿಟ್ಟು ಅಲುಗದೆ.

ಸದ್ದು ಪೇಟೆ ದಾಟಿತು. ಕೋಟೆಯ ಕಡೆ ಹೊರಳಿತು. ಸಣ್ಣದಾಗುತ್ತ ಆಗುತ್ತ ಒಮ್ಮೆಲೇ ನಿಂತುಹೋಯಿತು.

ಅಪ್ಪ ಎತ್ತಿನ ಹಗ್ಗ ಹಿಡಿದು ಹಾದಿಯನ್ನೇ ನೋಡುತ್ತಿದ್ದ. ಮಜೀದ ಕೈಯ ಗ್ರೀಸನ್ನು ಅಂಗಿಗೇ ಒರೆಸಿಕೊಂಡ. ತಿರುವು ಬಂದಿರಬೇಕು. ಗುಂಡು ಸರಿಯಾಗಿ ಕೂತಿದ್ದವೇ? ಕಂದಕದ ಅಂಚಿನಲ್ಲಿ ಗೋಡೆಯೂ ಇಲ್ಲ. ಹೊಳೆವ್ವ ಕೋಟೆಯ ಕಡೆಗೇ ಕಿವಿಗೊಟ್ಟಳು.

ಆಮೇಲೆ ದೂರದಲ್ಲಿ ಗುಡುಗಿನಂಥದೊಂದು ಸದ್ದು. ಮಳೆಯ ಗುಡುಗೇ? ಅಲ್ಲ, ಅದು ಹತ್ತಿರ ಬರುತ್ತಿತ್ತು, ಜೋರಾಗುತ್ತಿತ್ತು. ಮಕ್ಕಳ ಕೇಕೆ ಕೇಳಿತು. ಓಣಿಯ ತುದಿಯಲ್ಲಿ ಕಾಕಾನ ಹಲ್ಲುಗಳು ಮೊದಲು ಕಂಡವು, ಆಮೇಲೆ ಗಾಡಿ. ಅವನ ಮೈಯಲ್ಲಿ ಒಂದು ಗೀರೂ ಇರಲಿಲ್ಲ; ಸದ್ದನ್ನು ಕೋಟೆಯ ಗೋಡೆ ಮರೆಮಾಡಿತ್ತಷ್ಟೇ.

ಅಪ್ಪ ಚಕ್ಕಡಿಯ ಮೂಕಿಗೆ ಕೈ ಹಾಕಿದ. ಅದನ್ನು ಗೋಡೆಯ ಕಡೆಗೆ ಜಗ್ಗಿ, ಅಂಗಳದಲ್ಲಿ ಮೋಟಾರ್ ಸೈಕಲ್ ನಿಲ್ಲುವಷ್ಟು ಜಾಗ ಮಾಡಿದ.

“ಬಂತಲ್ಲ ಸುಡುಗಾಡ ಗಾಡಿ. ಇನ್ನ ದಿನಾ ಇದ ಸದ್ದು, ಕಿವಿ ಉಳ್ಯೂದಿಲ್ಲ,” ಎಂದಳು ಅಜ್ಜಿ ಬಾಗಿಲಲ್ಲಿ. ಬೈಯುವಾಗ ಅವಳ ದನಿ ಒಡೆದುಹೋಗಿತ್ತು.

ಹೊಳೆವ್ವನ ಭುಜ ಹಗುರಾಯಿತು. ಇಷ್ಟು ಹೊತ್ತೂ ಅಜ್ಜಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳೆಂಬುದು ಆ ಕೈ ಸಡಿಲವಾದಾಗಲೇ ಅವಳಿಗೆ ತಿಳಿದದ್ದು. ಅವಳು ತಿರುಗಿ ನೋಡಲಿಲ್ಲ. ಗ್ರೀಸು ಮೆತ್ತಿದ ತನ್ನ ಕೈಯನ್ನು ಅಜ್ಜಿಯ ಕೈಯ ಮೇಲೆ ಇಟ್ಟಳು. ಅಜ್ಜಿ ಅದನ್ನು ಸರಿಸಲಿಲ್ಲ.