ಹತ್ತಕ್ಕೆ ಎಷ್ಟು, ಮೇಷ್ಟ್ರೇ?

ಬೇಸಿಗೆಯ ದಿನ. ಬೆಳಗಿನ ಹತ್ತರ ಬಿಸಿಲು ಆಗಲೇ ಆಸ್ಪತ್ರೆಯಲ್ಲಿ ಮೇಷ್ಟ್ರ ಹಾಸಿಗೆ ಮುಟ್ಟಿತ್ತು.

"ನೋವು ಹತ್ತಕ್ಕೆ ಎಷ್ಟಿದೆ, ಮೇಷ್ಟ್ರೇ? ಹತ್ತು ಅಂದ್ರೆ ತಡೆಯೋಕೇ ಆಗಲ್ಲ ಅಂತ" ಎಂದಳು ನರ್ಸ್.

"ಮೂರು."

"ಮೂರಂತೆ!" ಪಕ್ಕದಲ್ಲಿದ್ದ ಮಗ ಸಿಡಿದ. ಬಸ್ ಡ್ರೈವರ್ ಅವನು. "ರೀ ಸಿಸ್ಟರ್, ನಂಬರ್ ಕೇಳ್ತೀರಲ್ಲ, ಮುಖ ನೋಡಲ್ವಾ? ಕಲ್ಲು ಮನಸ್ಸು ನಿಮ್ಮದು!"

"ಇವನು ಬಸ್ಸಲ್ಲೂ ಹೀಗೇ ಕಣಮ್ಮ. ಹಾರ್ನ್ ಜಾಸ್ತಿ, ಬ್ರೇಕ್ ಕಮ್ಮಿ" ಎಂದರು ಮೇಷ್ಟ್ರು, ಹಲ್ಲು ಕಚ್ಚಿಕೊಂಡೇ.

ಕಲ್ಲಾ... ನಾನಾ? ಅವಳ ಕಣ್ಣು ತುಂಬಿತು. ಮುಖ ಅವಳೂ ನೋಡಿದ್ದಳು! ಮಗ್ಗುಲು ಬದಲಿಸುವಾಗ ಅವರ ಬೆರಳುಗಳು ಹೊದಿಕೆಯನ್ನು ಬಿಗಿಹಿಡಿಯುತ್ತಿದ್ದವು.

ಮೇಷ್ಟ್ರ ಕ್ಯಾನ್ಸರ್ ವಾಸಿಯಾಗುವ ಹಂತ ದಾಟಿತ್ತು. ನೋವು ಹತೋಟಿಗೆ ಬಂದರೆ ಮನೆಗೆ ಕಳಿಸುತ್ತೇನೆ ಎಂದಿದ್ದರು ಡಾಕ್ಟರು. ಮೇಷ್ಟ್ರಿಗೆ ಬೇಕಾಗಿದ್ದೂ ಅದೊಂದೇ, ತಮ್ಮ ಮನೆ, ತಮ್ಮ ಮಂಚ.

ವಾರ್ಡಿನ ಹೊರಗೆ, ನಲ್ಲಿಯ ಹತ್ತಿರ ಅವಳು ಡ್ರೈವರನನ್ನು ತಡೆದಳು.

"ನಿಮ್ಮಪ್ಪ ಸುಳ್ಳು ಹೇಳ್ತಾರಾ?"

"ಛೆ! ಪ್ರಾಣ ಹೋದರೂ ಇಲ್ಲ."

"ಮತ್ತೆ ಮೂರು ಹೇಗೆ?"

ಅವನು ಹಣೆ ಬಡಿದುಕೊಂಡ. "ಅಯ್ಯೋ! ಅಪ್ಪ ಸ್ಕೂಲಲ್ಲಿ ಹತ್ತಕ್ಕೆ ನಾಲ್ಕರ ಮೇಲೆ ಯಾರಿಗೂ ಕೊಟ್ಟವರೇ ಅಲ್ಲ! ಕ್ಲಾಸಿಗೇ ಫಸ್ಟ್ ಬಂದೋನಿಗೆ ನಾಲ್ಕು. ನಂಗೆ ಅದೂ ಇಲ್ಲ!"

ಅವಳು ಓಡಿದಳು.

"ಮೇಷ್ಟ್ರೇ, ಮಾರ್ಕ್ಸ್ ಬೇಡ. ಹೇಗಿದೆ ಅಂತ ಹೇಳಿ, ಸಾಕು."

ಮುದುಕರು ಸೂರು ನೋಡಿದರು. "ಹಿಂಡುತ್ತೆ ಕಣಮ್ಮ... ಒದ್ದೆ ಬಟ್ಟೆ ಹಿಂಡಿದ ಹಾಗೆ. ಉಸಿರೇ ನಿಲ್ಲುತ್ತೆ."

ಡ್ರೈವರ್ ಗೋಡೆಯ ಕಡೆ ತಿರುಗಿಕೊಂಡ.

ಅವಳು ಡಾಕ್ಟರನ್ನು ಕರೆತಂದಳು. ಮದ್ದು ಬದಲಾಯಿತು. ಅವಳು ಮತ್ತೆ ಮತ್ತೆ ಬಂದು ಕೇಳಿದಳು: ಹಿಂಡುತ್ತಾ? ಸಡಿಲಾಯ್ತಾ? ಅವಳು ಬರುವ ಹೊತ್ತಿಗೆಲ್ಲ ಡ್ರೈವರ್ ಬಾಗಿಲ ಕಡೆಗೇ ನೋಡುತ್ತಿದ್ದ.

ಮೂರನೇ ದಿನಕ್ಕೆ ಸಡಿಲಾಯಿತು! ಮೇಷ್ಟ್ರು ಎದ್ದು ಕೂತು, ಪಕ್ಕದ ಹಾಸಿಗೆಯವರು ಪೇಪರ್ ಗಟ್ಟಿಯಾಗಿ ಓದುತ್ತಿದ್ದರೆ ಉಚ್ಚಾರ ತಿದ್ದತೊಡಗಿದರು. ವಾರ್ಡಿಗೆ ವಾರ್ಡೇ ನಕ್ಕಿತು.

ಡ್ರೈವರ್ ಬಾಗಿಲಲ್ಲಿ ಅವಳಿಗಾಗಿ ಕಾದಿದ್ದ.

"ಅವತ್ತು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ತಪ್ಪಾಯ್ತು."

"ಅಪ್ಪನ ಮೇಲಿನ ಪ್ರೀತಿಗೆ ಅಂದಿರಿ. ಬಿಡಿ."

"ಮನೆಗೆ ಹೋದ್ಮೇಲೆ ನಿಮ್ಮನ್ನ ನೋಡೋಕೆ ನೆಪವೇ ಇರಲ್ಲ, ಸಿಸ್ಟರ್..."

"ನೆಪ ಇಲ್ಲದೆ ಬರಬಾರದಾ?"

"ಬಂದರೆ ಜೀವನಪೂರ್ತಿ ಬರ್ತೀನಿ. ಆಗಬಹುದಾ?"

"ಮೊದಲು ಸಿಸ್ಟರ್ ಅನ್ನೋದು ಬಿಡಿ... ಆಮೇಲೆ ಆಗಬಹುದು!"

ಗುರುವಾರ ಮೇಷ್ಟ್ರು ಮಗನ ತೋಳು ಹಿಡಿದು, ನಡೆದೇ, ಮನೆಗೆ ಹೊರಟರು.