ಸಡಿಲಿಸಿದ ಮೆಟ್ಟಿಲು

ಇಪ್ಪತ್ತೆರಡು ವರ್ಷ ವಕೀಲರ ಕಚೇರಿಯಲ್ಲಿ ಟೈಪು ಮಾಡಿದ ಗುಮಾಸ್ತನಿಗೆ ಕಾನೂನು ಬೆರಳ ತುದಿಯಲ್ಲಿತ್ತು; ಕೈಗೆ ಮಾತ್ರ ಏನೂ ಹತ್ತಿರಲಿಲ್ಲ. ಮಕ್ಕಳಿಲ್ಲದ ಸೋದರತ್ತೆಯ ಮೂರಂತಸ್ತಿನ ಕಟ್ಟಡ ಇವತ್ತಲ್ಲ ನಾಳೆ ತನಗೇ ಎಂದು ಕಾದಿದ್ದ. ಅತ್ತೆ ಒಂದೇ ಮಾತಿನಲ್ಲಿ ತಣ್ಣೀರೆರಚಿದಳು.

"ನಿನ್ನ ಕೈಗೆ ಕೊಟ್ರೆ ಆರು ತಿಂಗಳಲ್ಲಿ ಮಾರಿ ಮುಗಿಸ್ತೀಯ. ನಿನಗಿಲ್ಲ, ಬಿಡು."

ಆಸ್ತಿಹಕ್ಕಿನ ಬಾಗಿಲು ಮುಚ್ಚಿದರೇನು, ಟಾರ್ಟ್ ಎಂಬ ನಷ್ಟಪರಿಹಾರದ ಕಾನೂನಿನ ಕಿಟಕಿ ತೆರೆದಿದೆಯಲ್ಲ! ಒಬ್ಬರ ಅಜಾಗರೂಕತೆಗೆ ಇನ್ನೊಬ್ಬರ ಮೂಳೆ ಮುರಿದರೆ ಪರಿಹಾರ ಕೊಡಬೇಕು. ಅದಕ್ಕೆ ಬೇಕಾದ್ದು ಮೂರೇ: ಹೊಣೆ, ಹೊಣೆಗೇಡಿತನ, ಪೆಟ್ಟು. ಹೊಣೆ ಕಟ್ಟಡದವರದು. ಹೊಣೆಗೇಡಿತನವನ್ನು ಅವನೇ ಸೋಮವಾರ ಸ್ಕ್ರೂಡ್ರೈವರಿನಿಂದ ಒದಗಿಸಿದ. ಅತ್ತೆಯ ಕಟ್ಟಡದಲ್ಲಿ ಕೆಳಗಿನಿಂದ ಮೂರನೆಯ ಮೆಟ್ಟಿಲಿನ ಅಂಚಿನ ಲೋಹದ ಪಟ್ಟಿ ಸಡಿಲವಾಯಿತು. ಪೆಟ್ಟಿಗಾಗಿ ಮನೆಯಲ್ಲಿ ಹಾಸಿಗೆಯ ಮೇಲೆ ಬೀಳುವುದನ್ನು ಅಭ್ಯಾಸ ಮಾಡಿದ.

"ಏನ್ರೀ ಇದು?" ಎಂದಳು ಹೆಂಡತಿ.

"ವ್ಯಾಯಾಮ."

ಗುರುವಾರ ಸಂಜೆ ನಾಲ್ಕಕ್ಕೆ ಕೆಳಗಿನ ಅಂಗಡಿಯ ದರ್ಜಿ ಬಾಗಿಲಲ್ಲಿ ನಿಂತಿದ್ದ. ಸಾಕ್ಷಿ ಸಿದ್ಧ. ಅವನ ಗಮನ ಸೆಳೆಯಲು ಗುಮಾಸ್ತ ಮೇಲಿನಿಂದಲೇ ಕೈಬೀಸಿದ. ಆ ಭರದಲ್ಲಿ ಪಟ್ಟಿ ಗಟ್ಟಿಯಾಗೇ ಇದ್ದ ಒಂಬತ್ತನೆಯ ಮೆಟ್ಟಿಲಲ್ಲೇ ಕಾಲು ತಪ್ಪಿತು. ಮೂರು ಮೆಟ್ಟಿಲು ಬೀಳಬೇಕಾದವನು ಒಂಬತ್ತು ಉರುಳಿದ. ಮೂಳೆ ಮಾತ್ರ ಯಜಮಾನನಿಗಿಂತ ಪ್ರಾಮಾಣಿಕವಾಗಿ ಮುರಿಯಿತು.

ಹಾಸಿಗೆಯಲ್ಲಿ ಕೂತೇ ಅವನು ಅತ್ತೆಗೆ ನೋಟೀಸು ಟೈಪು ಮಾಡಿದ. ಅಷ್ಟು ಸೊಗಸಾದ ನೋಟೀಸನ್ನು ವಕೀಲರಿಗೂ ಬರೆದುಕೊಟ್ಟಿರಲಿಲ್ಲ. ವಾರದೊಳಗೆ ಅತ್ತೆಯೇ ಬಂದಳು. ಬ್ಯಾಂಡೇಜಿನ ಕಾಲು ನೋಡಿ ಕಣ್ಣೊರೆಸಿಕೊಂಡಳು.

"ನೋಟೀಸು ಬಂತು ಕಣಪ್ಪ. ಆದ್ರೆ ಕಟ್ಟಡ ಈಗ ನನ್ನದಲ್ಲ. ನಿನ್ನ ಮಗಳಿಗೆ ಅಂತ ಟ್ರಸ್ಟ್ ಮಾಡ್ಬಿಟ್ಟೆ. ಮೆಟ್ಟಿಲು, ನಲ್ಲಿ, ತಾರಸಿ ಎಲ್ಲ ಟ್ರಸ್ಟಿನೇ ನೋಡ್ಕೋಬೇಕು."

"ಯಾರು ಟ್ರಸ್ಟಿ?"

"ನೀನೇ! ಮಾರೋ ಹಕ್ಕಿಲ್ಲ, ನೋಡ್ಕೊಳ್ಳೋ ಹೊಣೆ ಮಾತ್ರ. ಹೋದ ತಿಂಗಳು ನಿಮ್ಮ ವಕೀಲರು ಕಾಗದ ಕೊಟ್ಟಾಗ ಸಹಿ ಹಾಕಿದ್ಯಲ್ಲ?"

ಹಾಕಿದ್ದ. ಬಂದವರಿಗೆಲ್ಲ "ಓದದೆ ಸಹಿ ಹಾಕಬೇಡಿ" ಎಂದು ಬುದ್ಧಿ ಹೇಳುವವನು, ತನ್ನದು ಬರೀ ಸಾಕ್ಷಿಯ ಸಹಿ ಎಂದುಕೊಂಡು ಊಟದ ಅವಸರದಲ್ಲಿ ಗೀಚಿದ್ದ. ಅತ್ತೆ ಕನ್ನಡಕ ಏರಿಸಿ ಅವನ ನೋಟೀಸನ್ನೇ ಜೋರಾಗಿ ಓದತೊಡಗಿದಳು: "ಪಟ್ಟಿಯು ಸೋಮವಾರದಿಂದಲೇ ಸಡಿಲವಾಗಿತ್ತೆಂಬುದು ಕಟ್ಟಡದ ಹೊಣೆ ಹೊತ್ತವರಿಗೆ ಚೆನ್ನಾಗಿ ತಿಳಿದಿತ್ತು." ಇಡೀ ನೋಟೀಸಿನಲ್ಲಿ ಸತ್ಯವಾಗಿದ್ದ ಸಾಲು ಅದೊಂದೇ.